ಐದನೇ ತರಗತಿಯ ಸೀಟು

ಡಿಸೆಂಬರಿನ ಒಂದು ಶನಿವಾರ. ಪಾತ್ರೆ ತೊಳೆದು, ನೆಲ ಒರೆಸಿ ಮುಗಿಸಿದ ಮೇಲೂ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಮ್ಮ ಹೊರಡಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು.

"ಸಾರ್, ಪಾಪಂದು ಗುರುಕುಲಂ ಅರ್ಜಿ ತುಂಬಿ ಕೊಡ್ತೀರೇನ್ರಿ?"

ಅವರ ಊರು ನಾರಾಯಣಪೇಟೆ ಕಡೆ. ಕೃಷ್ಣಾ ನದಿ ದಾಟಿದರೆ ನಮ್ಮ ರಾಯಚೂರು. ಹಾಗಾಗಿ ನಮ್ಮ ಮನೆಯಲ್ಲಿ ಅವರು ಮಾತಾಡುವುದು ಅರ್ಧ ತೆಲುಗು ಬೆರೆತ ಕನ್ನಡ. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಗಳು ನಾಲ್ಕನೇ ಕ್ಲಾಸು, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬಸ್ತಿಯ ಸರ್ಕಾರಿ ಶಾಲೆ. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು ಎಂದು ಹೈದರಾಬಾದಿಗೆ ಬಂದ ಹೊಸತರಲ್ಲಿ ನನಗೆ ಗೊತ್ತಿರಲಿಲ್ಲ. ಎಲ್ಲರೂ ಯಾಕೆ ಮಕ್ಕಳನ್ನು ಕಂಡು ಅಯ್ಯೋ ಪಾಪ ಅನ್ನುತ್ತಾರೆ ಎಂದುಕೊಂಡಿದ್ದೆ.

ಕವರಿನಲ್ಲಿ ಆಧಾರ್, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಒಂದು ಫೋಟೋ, ಮಡಚಿದ ನೂರರ ನೋಟು ಇದ್ದವು. ಆನ್‌ಲೈನ್ ಅರ್ಜಿ ತುಂಬಲು ಇಪ್ಪತ್ತು ನಿಮಿಷ ಸಾಕಾಯಿತು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನಿಗೆ ಅದೇನು ದೊಡ್ಡ ಕೆಲಸವಲ್ಲ. ಆದರೆ ಸಬ್ಮಿಟ್ ಒತ್ತುವ ಮೊದಲು ಕೈ ಒಂದು ಕ್ಷಣ ತಡೆಯಿತು. ನನಗೂ ಇಂಥದೊಂದು ಅರ್ಜಿಯ ನೆನಪಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಗುರುಕುಲಗಳ ಕಥೆ ಹೇಳಿಬಿಡುತ್ತೇನೆ. ಇಲ್ಲಿ ಹನ್ನೆರಡು ವರ್ಷ ಇದ್ದರೂ ನನಗೇ ಅದು ಪೂರ್ತಿ ಗೊತ್ತಿರಲಿಲ್ಲ.

ಕಥೆ ಶುರುವಾಗುವುದು 1971ರಲ್ಲಿ. ಆಗ ಆಂಧ್ರಪ್ರದೇಶದ ಮುಖ್ಯಮಂತ್ರಿ ಪಿ.ವಿ. ನರಸಿಂಹರಾವ್. ಹಳ್ಳಿಯ ಬಡ ಮಕ್ಕಳಲ್ಲಿ ಬುದ್ಧಿವಂತರನ್ನು ಪರೀಕ್ಷೆ ಮಾಡಿ ಆರಿಸುವುದು, ಊಟ, ವಸತಿ, ಪುಸ್ತಕ ಕೊಟ್ಟು ಒಂದೇ ಆವರಣದಲ್ಲಿ ಓದಿಸುವುದು ಅವರ ಸರ್ಕಾರದ ಯೋಚನೆ. ಮೊದಲ ಶಾಲೆ ನಲ್ಗೊಂಡ ಜಿಲ್ಲೆಯ ಸರ್ವೇಲ್ ಎಂಬ ಹಳ್ಳಿಯಲ್ಲಿ ತೆರೆಯಿತು. ಮರುವರ್ಷ ಇನ್ನೆರಡು ಬಂದವು. ಕರಾವಳಿ ಆಂಧ್ರಕ್ಕೆ ಗುಂಟೂರು ಜಿಲ್ಲೆಯ ತಾಡಿಕೊಂಡ, ರಾಯಲಸೀಮೆಗೆ ಅನಂತಪುರ ಜಿಲ್ಲೆಯ ಕೊಡಿಗೇನಹಳ್ಳಿ. ಪ್ರಾಂತ್ಯಕ್ಕೊಂದರಂತೆ ಮೂರು ಶಾಲೆ.

ಕೊಡಿಗೇನಹಳ್ಳಿ ಎಂದೊಡನೆ ನಮ್ಮ ಕಿವಿ ನೆಟ್ಟಗಾಗುತ್ತದೆ, ಅಲ್ಲವೆ? ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಬೇರೆ, ಇದು ಗಡಿಯಾಚೆ ಹಿಂದೂಪುರದ ಹತ್ತಿರ ಇರುವ ಊರು. ಹೆಸರು ಅಚ್ಚಕನ್ನಡ, ಶಾಲೆ ತೆಲುಗು. ನಮ್ಮ ಆಫೀಸಿನಲ್ಲಿ ಅಲ್ಲಿ ಓದಿದ ಹಿರಿಯರೊಬ್ಬರಿದ್ದಾರೆ. ನಾನು ಕನ್ನಡದವನೆಂದು ಗೊತ್ತಾದ ದಿನ ಅವರು ಹೇಳಿದ ಮೊದಲ ಮಾತೇ, "ನಾನೂ ಒಂದು ಹಳ್ಳಿಯಲ್ಲಿ ಓದಿದವನು, ನಿಮ್ಮ ಹಳ್ಳಿ" ಎಂದು. ಹಳ್ಳಿ ಎಂಬ ಪದವನ್ನು ಅವರು ಒತ್ತಿ ಹೇಳುವುದನ್ನು ಕೇಳಬೇಕು. ಅವರಪ್ಪ ಕೂಲಿ. ಆ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರಲ್ಲಿ ಅವರೇ ಮೊದಲಿಗರು. ಶಾಲೆಯಲ್ಲಿ ಮೇಷ್ಟ್ರುಗಳೂ ಆವರಣದಲ್ಲೇ ಇರುತ್ತಿದ್ದರಂತೆ. ಬೆಳಗಿನ ಓದು, ಆಟ, ರಾತ್ರಿಯ ಓದು ಎಲ್ಲಕ್ಕೂ ಗಂಟೆ. "ಮನೆಯಲ್ಲಿ ದೀಪಕ್ಕೆ ಎಣ್ಣೆ ಇರಲಿಲ್ಲ, ಅಲ್ಲಿ ಲೈಟ್ ಆರಿಸು ಎಂದು ಬೈಯುತ್ತಿದ್ದರು" ಎಂದು ಅವರು ನಗುತ್ತಾರೆ.

ಒಂದು ವಿಷಯ ಗಮನಿಸಿ. ಆ ಮೊದಲ ಮೂರೂ ಶಾಲೆಗಳು ಗಂಡುಮಕ್ಕಳವು. ಬಾಗಿಲಲ್ಲಿ ನಿಂತ ಆ ಅಮ್ಮನ ಮಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಹೆಣ್ಣುಮಕ್ಕಳ ಗುರುಕುಲಗಳು ಆಮೇಲೆ ಬಂದವು. 1980ರ ದಶಕದಲ್ಲಿ ಎನ್.ಟಿ. ರಾಮರಾವ್ ಸರ್ಕಾರದ ಕಾಲಕ್ಕೆ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳು ಶುರುವಾದವು. ಇಲ್ಲಿ ಹೆಚ್ಚಿನ ಸೀಟು ಪರಿಶಿಷ್ಟ ಜಾತಿಯ ಮಕ್ಕಳಿಗೆ. "ಬುದ್ಧಿವಂತ ಬಡವರು ಯಾರು" ಎಂಬುದಷ್ಟೇ ಆಗಿದ್ದ ಪ್ರಶ್ನೆ "ಇಲ್ಲಿಯವರೆಗೆ ಯಾರನ್ನು ಬಿಟ್ಟಿದ್ದೆವು" ಎಂದೂ ಆಯಿತು.

ಅದೇ ಹೊತ್ತಿಗೆ ಪಿ.ವಿ. ದೆಹಲಿಯಲ್ಲಿದ್ದರು. 1985ರಲ್ಲಿ ರಾಜೀವ್ ಗಾಂಧಿ ಸಂಪುಟದಲ್ಲಿ ಮಾನವ ಸಂಪನ್ಮೂಲ ಸಚಿವರಾದರು. ಸರ್ವೇಲ್‌ನಲ್ಲಿ ಮಾಡಿದ್ದನ್ನೇ ದೇಶದ ಅಳತೆಯಲ್ಲಿ ಮಾಡಲು ಅವಕಾಶ ಸಿಕ್ಕಿತು. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲೆರಡು ನವೋದಯ ವಿದ್ಯಾಲಯಗಳು ತೆರೆದವು. ಆಮೇಲೆ ಜಿಲ್ಲೆಗೊಂದು. ಕನಿಷ್ಠ ಶೇಕಡಾ 75ರಷ್ಟು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. 1990ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು, ಅದೂ ಪ್ರವೇಶ ಪರೀಕ್ಷೆಯ ದಾರಿಯಲ್ಲೇ.

ಇನ್ನು 2014. ಮೇ 25ರಂದು ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಮಾಲಾವತ್ ಪೂರ್ಣಾ ಎವರೆಸ್ಟ್ ಏರಿದಳು. ಇನ್ನೂ ಹದಿನಾಲ್ಕು ತುಂಬದ ಹುಡುಗಿ. ಓದುತ್ತಿದ್ದದ್ದು ಸಮಾಜ ಕಲ್ಯಾಣ ಗುರುಕುಲದಲ್ಲಿ. ಆಗ ಆ ಸಂಸ್ಥೆಯ ಕಾರ್ಯದರ್ಶಿ ಆರ್.ಎಸ್. ಪ್ರವೀಣ್ ಕುಮಾರ್ ಎಂಬ ಐಪಿಎಸ್ ಅಧಿಕಾರಿ. 2012ರಿಂದ 2021ರವರೆಗೆ ಅದೇ ಕುರ್ಚಿಯಲ್ಲಿದ್ದವರು. ಇಂಗ್ಲಿಷ್ ಮಾಧ್ಯಮ, ಪರ್ವತಾರೋಹಣ, ಕೋಡಿಂಗ್, ಎಲ್ಲಕ್ಕಿಂತ ಮುಖ್ಯವಾಗಿ "ನಾವು ಯಾರಿಗೂ ಕಡಿಮೆಯಲ್ಲ" ಎಂಬ ಧೈರ್ಯವನ್ನು ಮಕ್ಕಳಿಗೆ ಕೊಟ್ಟವರು ಎಂದು ಇಲ್ಲಿ ಇವತ್ತಿಗೂ ಜನ ಹೇಳುತ್ತಾರೆ.

ಪೂರ್ಣಾ ಎವರೆಸ್ಟ್ ಏರಿದ ಎಂಟೇ ದಿನಕ್ಕೆ, ಜೂನ್ 2ರಂದು, ತೆಲಂಗಾಣ ರಾಜ್ಯ ಹುಟ್ಟಿತು. ಹೊಸ ಸರ್ಕಾರ ಗುರುಕುಲಗಳನ್ನು ಸಾಲುಸಾಲಾಗಿ ತೆರೆಯಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಎಂದು ಒಂದೊಂದಕ್ಕೂ ಒಂದು ಸೊಸೈಟಿ. ಹೆಣ್ಣುಮಕ್ಕಳಿಗೆ ವಸತಿ ಪದವಿ ಕಾಲೇಜುಗಳೂ ಬಂದವು. ಈಗ ಎಲ್ಲ ಸೇರಿ ಲೆಕ್ಕ ಸಾವಿರದ ಆಸುಪಾಸಿನಲ್ಲಿದೆ. ಮೂರರಿಂದ ಸಾವಿರಕ್ಕೆ ಬಂದದ್ದು ಸಣ್ಣ ಮಾತಲ್ಲ. ಅವಸರದ ಗುರುತುಗಳೂ ಇವೆ. ಎಷ್ಟೋ ಶಾಲೆಗಳು ಬಾಡಿಗೆ ಕಟ್ಟಡಗಳಲ್ಲಿ ನಡೆಯುತ್ತಿವೆ. ಸರ್ವೇಲ್‌ನಲ್ಲಿ ಮೇಷ್ಟ್ರು ಮಕ್ಕಳ ಜೊತೆಗೇ ಇದ್ದ ಹಾಗೆ ಎಲ್ಲ ಕಡೆ ಇರಲು ಆಗುವುದಿಲ್ಲ.

ಸಾವಿರವಾದರೂ ಬಾಗಿಲಲ್ಲಿ ಪರೀಕ್ಷೆ ಇದ್ದೇ ಇದೆ. ಐದನೇ ತರಗತಿಗೆ ಸೇರಲು ನೂರು ಅಂಕ, ಎರಡು ಗಂಟೆ, ಸರಿಯುತ್ತರದ ಗೋಲ ತುಂಬುವ ಓಎಂಆರ್ ಹಾಳೆ. ತೆಲುಗು, ಇಂಗ್ಲಿಷ್, ಗಣಿತ, ಪರಿಸರ ವಿಜ್ಞಾನ, ಬುದ್ಧಿಶಕ್ತಿ. ಬರೆಯುವವರಲ್ಲಿ ಒಂಬತ್ತು ವರ್ಷದ ಮಕ್ಕಳೂ ಇರುತ್ತಾರೆ.

ಈಗ ನನ್ನ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಐದನೇ ಕ್ಲಾಸಿನಲ್ಲಿ ನಾನೂ ನವೋದಯ ಪರೀಕ್ಷೆ ಬರೆದಿದ್ದೆ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಆರು ತಿಂಗಳು ಮನೆಯಲ್ಲೇ ಕೂರಿಸಿ ಆಕೃತಿಗಳ ಲೆಕ್ಕ ಮಾಡಿಸಿದ್ದರು. ನನಗೆ ಸೀಟು ಸಿಗಲಿಲ್ಲ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನಿಗೆ ಸಿಕ್ಕಿತು. ಅವರಪ್ಪ ಬಸ್‌ಸ್ಟ್ಯಾಂಡಿನಲ್ಲಿ ಹಮಾಲಿ. ಅವನು ಟ್ರಂಕು ಹಿಡಿದು ಬಸ್ಸು ಹತ್ತಿದ ದಿನ ನಾನು ಹಿತ್ತಿಲಿನಲ್ಲಿ ಕೂತು ಅತ್ತಿದ್ದೆ.

ಅತ್ತದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಅಪ್ಪ ತಾಲ್ಲೂಕು ಕೇಂದ್ರದ ಶಾಲೆಗೆ ಸೇರಿಸಿದರು, ಟ್ಯೂಷನ್ ಕೊಡಿಸಿದರು. ಪಿಯುಸಿ, ಇಂಜಿನಿಯರಿಂಗ್, ಎಂ.ಟೆಕ್., ಹೈದರಾಬಾದ್. ಆ ಗೆಳೆಯನೂ ಇಂಜಿನಿಯರ್ ಆದ. ಇಬ್ಬರೂ ಒಂದೇ ಕಡೆ ಬಂದು ಮುಟ್ಟಿದೆವು. ಬಹಳ ವರ್ಷ ನಾನು ಇದನ್ನು "ನೋಡಿ, ಪರೀಕ್ಷೆಯಲ್ಲಿ ಏನೂ ಇಲ್ಲ, ಶ್ರಮ ಮುಖ್ಯ" ಎಂಬ ನೀತಿಕಥೆಯಾಗಿ ಹೇಳುತ್ತಿದ್ದೆ. ಆ ಶನಿವಾರ ಅರ್ಜಿ ತುಂಬುವಾಗ ಅದು ತಪ್ಪು ಅನ್ನಿಸಿತು. ನಾನು ಫೇಲಾದರೂ ನನಗೆ ಇನ್ನೊಂದು ಬಾಗಿಲಿತ್ತು. ಅವನು ಫೇಲಾಗಿದ್ದರೆ? ಅದೇ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಪಕ್ಕ ನಿಲ್ಲುತ್ತಿದ್ದನೋ ಏನೋ. ಪರೀಕ್ಷೆ ಒಂದೇ ಆದರೂ ಸೋಲಿಗೆ ಇಬ್ಬರೂ ಕೊಡಬೇಕಾದ ಬೆಲೆ ಒಂದೇ ಅಲ್ಲ.

ಇನ್ನೊಂದು ಮಾತೂ ಇದೆ. ಅವನು ಹೋದ ಮೇಲೆ ನಮ್ಮ ಕ್ಲಾಸಿನಲ್ಲಿ ಮೇಷ್ಟ್ರನ್ನು ಪ್ರಶ್ನೆ ಕೇಳುವವರೇ ಇಲ್ಲವಾದರು. ಹಿಂದೆ ಅವನು ಕೈ ಎತ್ತಿದರೆ ನಾವೂ ಎತ್ತುತ್ತಿದ್ದೆವು. ಆರಿಸಿಕೊಂಡು ಹೋಗುವ ಶಾಲೆಗಳ ಬಗ್ಗೆ ಮಾತಾಡುವಾಗ ಹೋದವನ ಕಥೆ ಹೇಳುತ್ತೇವೆ, ಖಾಲಿಯಾದ ಬೆಂಚಿನ ಕಥೆ ಹೇಳುವುದಿಲ್ಲ. ಹಾಗೆಂದು ಅವನು ಹೋಗಬಾರದಿತ್ತು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ನನ್ನ ಮಗಳನ್ನು ನಾನು ಯಾವ ಶಾಲೆಗೆ ಕಳಿಸುತ್ತಿದ್ದೇನೆ ಎಂದು ಯಾರಾದರೂ ಕೇಳಿದರೆ ಮುಗಿಯಿತು.

ಅರ್ಜಿ ಹಾಕಿದ ಮೇಲೆ ಪಾಪ ಪ್ರತಿ ಭಾನುವಾರ ನಮ್ಮ ಮನೆಗೆ ಬರತೊಡಗಿದಳು. ಗಣಿತದಲ್ಲಿ ಚುರುಕು. ಬಾಯಿಲೆಕ್ಕ ಕೇಳಿದರೆ ನನ್ನ ಮಗಳಿಗಿಂತ ಮೊದಲು ಹೇಳುತ್ತಾಳೆ, ಯಾಕೆಂದರೆ ಅಮ್ಮನ ಸಂಬಳದ ಲೆಕ್ಕ ಇಡುವವಳೇ ಅವಳು. ಇಂಗ್ಲಿಷ್ ಬಂದರೆ ಮುಖ ಸಣ್ಣದಾಗುತ್ತದೆ. ನನ್ನ ಮಗಳು ಆ ಭಾಷೆಯನ್ನು ಕಲಿತದ್ದು ಪುಸ್ತಕದಿಂದಲ್ಲ, ಕಾರ್ಟೂನಿನಿಂದ, ನಮ್ಮಿಬ್ಬರ ಫೋನ್ ಕಾಲ್‌ಗಳಿಂದ. ಒಂಬತ್ತನೇ ವಯಸ್ಸಿನಲ್ಲಿ ಮಗುವಿನ ಬುದ್ಧಿಯನ್ನು ಅಳೆಯುತ್ತೇವೆ ಎಂದುಕೊಂಡು ಅರ್ಧಕ್ಕರ್ಧ ಮನೆಯನ್ನೇ ಅಳೆಯುತ್ತೇವೆ. ಎಂಟು ಭಾನುವಾರಗಳಲ್ಲಿ ಅದನ್ನು ಸರಿಮಾಡುತ್ತೇನೆ ಎಂದುಕೊಂಡದ್ದು ನನ್ನ ಅಹಂಕಾರ.

ಫೆಬ್ರುವರಿಯಲ್ಲಿ ಪರೀಕ್ಷೆಗೆ ನಾನೇ ಸ್ಕೂಟರಿನಲ್ಲಿ ಬಿಟ್ಟುಬಂದೆ. ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಕೂಲಿ ಬಿಟ್ಟು ಬಂದ ಅಪ್ಪಂದಿರು, ಸೆರಗಿನಲ್ಲಿ ಮಕ್ಕಳ ಮುಖ ಒರೆಸುವ ಅಮ್ಮಂದಿರು, ಆಟೋದಲ್ಲೇ ಕೂತು ಮಗ್ಗಿ ಹೇಳಿಸುತ್ತಿದ್ದ ಒಬ್ಬ ಅಜ್ಜ. ಶಾಲೆಗಳು ಸಾವಿರವಾದದ್ದು ಯಾಕೆ ಎಂದು ತಿಳಿಯಲು ಆ ಗೇಟಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು.

ಮೊದಲ ಪಟ್ಟಿ ಬಂದಾಗ ಅವಳ ನಂಬರ್ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಹೇಳುವುದು ಹೇಗೆಂದು ನಾನು ತಡವರಿಸುತ್ತಿದ್ದರೆ ಅಮ್ಮನೇ ಕೇಳಿದರು.

"ಆರನೇ ಕ್ಲಾಸಿಗೂ ಬರೀಬಹುದಂತಲ್ರಿ ಸಾರ್?"

ಬರೆಯಬಹುದು. ಖಾಲಿ ಉಳಿದ ಸೀಟುಗಳಿಗೆ ಆರನೇ ತರಗತಿಯಿಂದ ಒಂಬತ್ತರವರೆಗೂ ಪರೀಕ್ಷೆ ಇದೆ. ಸೀಟು ಕಡಿಮೆ, ಸ್ಪರ್ಧೆ ಹೆಚ್ಚು. ಅದನ್ನೂ ಹೇಳಿದೆ. ಅವರು ತಲೆಯಾಡಿಸಿ, "ಭಾನುವಾರ ಕಳಿಸ್ತೀನ್ರಿ" ಅಂದರು.

ಈಗಲೂ ಬರುತ್ತಾಳೆ. ಇಬ್ಬರೂ ಹುಡುಗಿಯರು ಊಟದ ಟೇಬಲ್ಲಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಾರೆ. ನನ್ನ ಮಗಳು ಅವಳಿಗೆ ಇಂಗ್ಲಿಷ್ ಪದ ಹೇಳಿಕೊಡುತ್ತಾಳೆ, ಅವಳು ಇವಳಿಗೆ ಭಿನ್ನರಾಶಿ. ಮೊನ್ನೆ ನನ್ನ ಮಗಳು ಕೇಳಿದಳು, "ಅಪ್ಪಾ, ನಾನು ಯಾವ ಪರೀಕ್ಷೆ ಬರೆದು ಸ್ಕೂಲಿಗೆ ಸೇರಿದ್ದು?"

ನಿನಗೆ ಪರೀಕ್ಷೆ ಇರಲಿಲ್ಲ, ಫೀಸು ಕಟ್ಟಿದ್ದು ಅಂದೆ. ಅವಳು ಸ್ವಲ್ಪ ಹೊತ್ತು ಪಕ್ಕದವಳ ಮುಖ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗಿದಳು.