ಹಲಸಿನ ಕಾಲ, ಸೂಜಿಯ ಲೆಕ್ಕ

ಬಸ್ರೂರು ಅಕ್ಕಿಯ ಊರು. ವಾರಾಹಿ ಹೊಳೆಯ ದಡದ ಈ ಹಳೆಯ ಬಂದರಿನಿಂದ ಅಕ್ಕಿ ತುಂಬಿದ ಹಡಗುಗಳು ಹೊರಡುತ್ತಿದ್ದ ಕಾಲವೊಂದಿತ್ತು. ಗೋವೆಯಲ್ಲಿ ಕುಳಿತ ಪೋರ್ಚುಗೀಸರಿಗೂ ಇಲ್ಲಿಯ ಅಕ್ಕಿ ಬೇಕಿತ್ತು. ಅವರ ಕಾಗದಪತ್ರಗಳಲ್ಲಿ ಈ ಊರು ‘ಬಾರ್ಸೆಲೋರ್’. 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಊರನ್ನು ದೋಚಿಕೊಂಡು ಹೋದವೆಂದರೆ ಇಲ್ಲಿ ದೋಚುವಷ್ಟು ಇತ್ತು ಎಂದೇ ಅರ್ಥ. ಹಡಗುಗಳು ಹೋದವು, ಪೇಟೆ ಕುಗ್ಗಿತು, ಅಕ್ಕಿಯ ಮೇಲಿನ ಪ್ರೀತಿ ಮಾತ್ರ ಉಳಿಯಿತು. ಬೆಳಿಗ್ಗೆ ನೀರುದೋಸೆ ಅಥವಾ ಕಡುಬು, ಹತ್ತು ಗಂಟೆಗೆ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಮೀನು ಸಾರು, ಸಂಜೆ ಅಕ್ಕಿಹಿಟ್ಟಿನದೇ ಏನಾದರೊಂದು ತಿಂಡಿ, ರಾತ್ರಿ ಮತ್ತೆ ಅನ್ನ. ಇದು ಕುಂದಾಪುರ ಸೀಮೆಯ ದಿನಚರಿ.

ಇಂಥ ಊರಿನಲ್ಲಿ ಒಂಬತ್ತು ಹತ್ತು ವರ್ಷದ ಮಗುವೊಂದಕ್ಕೆ ‘ಟೈಪ್ ಒನ್’ ಮಧುಮೇಹ ಬಂದಿತೆನ್ನಿ. ನಾಲ್ಕಾರು ವಾರ ವಿಪರೀತ ಬಾಯಾರಿಕೆ, ರಾತ್ರಿಯಿಡೀ ಮೂತ್ರಕ್ಕೆ ಏಳುವುದು, ತಿಂದರೂ ತಿಂದರೂ ಸೊರಗುವ ಮೈ. ಕೊನೆಗೊಂದು ದಿನ ವಾಂತಿ, ಏದುಸಿರು, ಕಾರು ಹಿಡಿದು ಮಣಿಪಾಲಕ್ಕೆ ಓಟ. ಮಗು ಬದುಕಿ ಮನೆಗೆ ಬರುತ್ತದೆ, ಜೊತೆಗೆ ಇನ್ಸುಲಿನ್ ಸೂಜಿಯೂ ಬರುತ್ತದೆ. ಅದರ ಬೆನ್ನಿಗೇ ನೆಂಟರು ಬರುತ್ತಾರೆ. ‘ಇಷ್ಟು ಸಣ್ಣ ಮಗುವಿಗೆ ಸಕ್ಕರೆ ಕಾಯಿಲೆಯಾ? ಚಾಕಲೇಟು ತಿನ್ನಿಸಿ ಹಾಳು ಮಾಡಿದಿರಿ’ ಎಂದು ಒಬ್ಬರು. ‘ಅನ್ನ ಬಿಡಿಸಿ, ಚಪಾತಿ ಕೊಡಿ’ ಎಂದು ಇನ್ನೊಬ್ಬರು. ‘ಸಕ್ಕರೆ ಆಗದು, ಬೆಲ್ಲ ಆದೀತು’ ಎಂದು ಮತ್ತೊಬ್ಬರು.

ಮೂರೂ ತಪ್ಪು. ಟೈಪ್ ಒನ್ ಎಂಬುದು ಸಿಹಿ ತಿಂದು ಬರುವ ಕಾಯಿಲೆಯಲ್ಲ. ದೇಹದ ಕಾವಲು ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ‘ಬೀಟಾ’ ಕೋಶಗಳನ್ನು ಕೊಂದುಹಾಕುವುದರಿಂದ ಬರುವುದು. ತಾಯಿ ಮಾಡಿದ ತಪ್ಪೂ ಇಲ್ಲ, ಮಗು ಮಾಡಿದ ತಪ್ಪೂ ಇಲ್ಲ. ಚಪಾತಿ ರಕ್ತಕ್ಕೆ ಸೇರುವುದೂ ಗ್ಲೂಕೋಸ್ ಆಗಿಯೇ. ಇನ್ನು ಬೆಲ್ಲ: ಬಣ್ಣ ಬೇರೆ, ಘಮ ಬೇರೆ, ರಕ್ತದೊಳಗೆ ಹೋದ ಮೇಲೆ ಅದೂ ಸಕ್ಕರೆಯೇ. ಹಾಗಲಕಾಯಿ, ಮೆಂತೆ, ಅಮೃತಬಳ್ಳಿ ಕಷಾಯ ಯಾವುದೂ ಈ ಕಾಯಿಲೆಯಲ್ಲಿ ಇನ್ಸುಲಿನ್ನಿನ ಜಾಗಕ್ಕೆ ಬರಲಾರದು. ‘ಕಷಾಯ ಕುಡಿಸುತ್ತಿದ್ದೇವಲ್ಲ’ ಎಂದು ಸೂಜಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ.

ಆದರೆ ನೆಂಟರು ಹೋದ ಮೇಲೆ ಮನೆಯಲ್ಲಿ ಉಳಿಯುವ ಕಷ್ಟ ಬೇರೆಯೇ. ಮೇ ತಿಂಗಳು. ಹಿತ್ತಿಲಲ್ಲಿ ಹಲಸಿನ ಹಣ್ಣು ಕೊಯ್ದಿದ್ದಾರೆ. ಅಮ್ಮಮ್ಮ ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸುತ್ತಿದ್ದಾರೆ, ಮಕ್ಕಳೆಲ್ಲ ಸುತ್ತ ಕುಳಿತಿದ್ದಾರೆ. ಸೊಳೆ ಎಲ್ಲರ ಕೈಗೂ ಬರುತ್ತದೆ, ಒಂದು ಮಗುವಿನ ಕೈಗೆ ಮಾತ್ರ ಬರುವುದಿಲ್ಲ. ‘ನಿನಗೆ ಬೇಡ ಮಗಾ’ ಎನ್ನುವಾಗ ಅಮ್ಮಮ್ಮನಿಗೂ ದುಃಖವೇ. ಮಗು ಎದ್ದು ಹೋಗುತ್ತದೆ. ಆ ರಾತ್ರಿ ಮೀಟರು 380 ತೋರಿಸಿದರೆ ಆಶ್ಚರ್ಯವೇನು? ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಪಾತ್ರೆಯ ಮುಚ್ಚಳ ಸದ್ದಾಗದಂತೆ ತೆರೆಯುವುದು ಹೇಗೆಂದು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಕದ್ದು ತಿನ್ನುವಿಕೆ ಇಂದಿನದಲ್ಲ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ಎಂಬ ವೈದ್ಯರು ಮಧುಮೇಹದ ಮಕ್ಕಳನ್ನು ಉಪವಾಸ ಹಾಕಿ ಬದುಕಿಸಿಕೊಳ್ಳಲು ನೋಡಿದರು. ಕ್ರೌರ್ಯದಿಂದಲ್ಲ, ಬೇರೆ ದಾರಿ ಇರಲಿಲ್ಲ. ಕಡಿಮೆ ತಿಂದಷ್ಟು ಕೆಲವು ತಿಂಗಳು, ಒಂದೆರಡು ವರ್ಷ ಹೆಚ್ಚು ಬದುಕು. ಅವರ ಆಸ್ಪತ್ರೆಯಲ್ಲಿದ್ದ ಕಣ್ಣು ಕಾಣದ ಒಬ್ಬ ಹುಡುಗನ ಮೂತ್ರದಲ್ಲಿ, ಎಷ್ಟು ಉಪವಾಸ ಹಾಕಿದರೂ ಸಕ್ಕರೆ ಕಾಣಿಸಿಕೊಳ್ಳುತ್ತಿತ್ತು. ಆಹಾರ ಅವನ ಕೈಗೆ ಸಿಗದಂತೆ ಬಿಗಿ ಕಾವಲು. ಕೊನೆಗೆ ತಿಳಿದದ್ದೇನೆಂದರೆ, ಹುಡುಗ ಹಲ್ಲುಜ್ಜುವ ಪೇಸ್ಟನ್ನು ತಿನ್ನುತ್ತಿದ್ದ. ಪಂಜರದ ಹಕ್ಕಿಗೆ ಹಾಕಿದ ಕಾಳನ್ನೂ ತಿನ್ನುತ್ತಿದ್ದ. ಹಸಿದ ಮಗುವಿಗೆ ‘ಬಾಯಿ ಕಟ್ಟು’ ಎನ್ನುವವರು ಈ ಹುಡುಗನನ್ನೊಮ್ಮೆ ನೆನೆಯಬೇಕು.

1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹೊರತೆಗೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸೂಜಿ. ಅದೇ ವರ್ಷದ ಆಗಸ್ಟಿನಲ್ಲಿ ಎಲಿಜಬೆತ್ ಹ್ಯೂಸ್ ಅಲ್ಲಿಗೆ ಬಂದಳು. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು, ಅಲೆನ್ ಅವರ ಉಪವಾಸದ ಶಿಷ್ಯೆ, ವಯಸ್ಸು ಹದಿನೈದಾದರೂ ತೂಕ ಸುಮಾರು 20 ಕಿಲೊ. ಸೂಜಿ ಹಾಕಿದ ಮೇಲೆ ಆಕೆ ಹೊಟ್ಟೆ ತುಂಬ ಉಂಡಳು, ಬೆಳೆದಳು, ಮದುವೆಯಾದಳು, ಮಕ್ಕಳಾದವು, 1981ರವರೆಗೆ ಬದುಕಿದಳು. ಆದರೆ ತನಗೆ ಮಧುಮೇಹವಿದೆಯೆಂಬುದನ್ನು ಜೀವಮಾನವಿಡೀ ಹೆಚ್ಚಿನವರಿಂದ ಮುಚ್ಚಿಟ್ಟಳು. ಮದ್ದು ಸಿಕ್ಕರೂ ನಾಚಿಕೆಗೆ ಮದ್ದು ಸಿಗಲಿಲ್ಲ. ನಮ್ಮಲ್ಲಿ ಇವತ್ತಿಗೂ, ಮುಖ್ಯವಾಗಿ ಹೆಣ್ಣುಮಕ್ಕಳ ಮನೆಗಳಲ್ಲಿ, ‘ಹೊರಗೆ ಹೇಳಬೇಡಿ, ನಾಳೆ ಸಂಬಂಧ ಕೂಡಿಬರಬೇಕು’ ಎಂಬ ಮಾತು ಕೇಳುವುದೇ.

ಹಾಗಿದ್ದರೆ ಈ ತಿನ್ನುವ ಆಸೆ ಎಂದರೆ ಏನು? ಬರೇ ನಾಲಿಗೆಯ ಚಪಲವೇ?

ಅಲ್ಲ. ಅದರಲ್ಲಿ ಕೆಲವು ಸಲ ನಾಲಿಗೆಗೆ ಸಂಬಂಧವೇ ಇರುವುದಿಲ್ಲ. ರಕ್ತದ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಮೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಡೆಯಲಾರದ ಹಸಿವಾಗುತ್ತದೆ. ಮೆದುಳು ‘ಸಕ್ಕರೆ ಕೊಡು’ ಎಂದು ಕೂಗುತ್ತಿರುತ್ತದೆ. ಆಗ ತಿನ್ನುವುದು ಆಸೆಯಲ್ಲ, ಚಿಕಿತ್ಸೆ. ಇನ್ನು ಇನ್ಸುಲಿನ್ ಸಾಲದೆ ಗ್ಲೂಕೋಸ್ 300 ದಾಟಿದಾಗಲೂ ಹಸಿವಾಗುತ್ತದೆ! ರಕ್ತದ ತುಂಬ ಸಕ್ಕರೆ, ಆದರೆ ಅದನ್ನು ಕೋಶದೊಳಗೆ ಬಿಡುವ ಇನ್ಸುಲಿನ್ ಇಲ್ಲ. ಕಣಜ ತುಂಬಿ ಬೀಗದ ಕೈ ಕಳೆದುಹೋದ ಮನೆಯ ಹಾಗೆ, ಒಳಗಿನವರಿಗೆ ಉಪವಾಸ. ಕೆಳಗಿಳಿದಾಗ ತಿನ್ನಬೇಕು, ಮೇಲೇರಿದಾಗ ಇನ್ಸುಲಿನ್ ಬೇಕು. ಹಸಿವು ಮಾತ್ರ ಎರಡಕ್ಕೂ ಒಂದೇ. ಆದ್ದರಿಂದ ಅನುಭವಸ್ಥರು ಹೇಳುವುದು ಇಷ್ಟೆ: ಆಸೆ ಬಂದಾಗ ಮೊದಲು ಮೀಟರು, ಆಮೇಲೆ ಡಬ್ಬಿ.

ಮೂರನೆಯ ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಬೀಟಾ ಕೋಶಗಳು ಇನ್ಸುಲಿನ್ ಜೊತೆಗೆ ‘ಅಮೈಲಿನ್’ ಎಂಬ ಇನ್ನೊಂದು ಹಾರ್ಮೋನನ್ನೂ ಬಿಡುತ್ತವೆ. ಹೊಟ್ಟೆಯಿಂದ ಊಟ ಮೆಲ್ಲಗೆ ಕೆಳಗಿಳಿಯುವಂತೆ ನೋಡಿಕೊಳ್ಳುವುದು, ‘ಸಾಕು, ತುಂಬಿತು’ ಎಂದು ಮೆದುಳಿಗೆ ತಿಳಿಸುವುದು ಅದರ ಕೆಲಸಗಳಲ್ಲಿ ಮುಖ್ಯವಾದವು. ಟೈಪ್ ಒನ್ ಆದವರಲ್ಲಿ ಇನ್ಸುಲಿನ್ ಹೋದಂತೆ ಅದೂ ಹೋಗುತ್ತದೆ. ಸೂಜಿಯಲ್ಲಿ ಇನ್ಸುಲಿನ್ ಮರಳಿ ಬರುತ್ತದೆ, ಅಮೈಲಿನ್ ಬರುವುದಿಲ್ಲ. ಅದಕ್ಕೆ ಬದಲಿ ಮದ್ದೊಂದಕ್ಕೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತಾದರೂ ಬಳಕೆ ಹರಡಲಿಲ್ಲ. ಹಾಗಾಗಿ ಉಂಡೆದ್ದ ಅರ್ಧ ಗಂಟೆಗೇ ‘ಇನ್ನೇನುಂಟು ಅಮ್ಮಾ?’ ಎಂದು ಕೇಳುವ ಮಗುವನ್ನು ಹೊಟ್ಟೆಬಾಕನೆಂದು ಬೈಯುವುದು ಅನ್ಯಾಯ.

ಬೈಗುಳದ ಬದಲು ಲೆಕ್ಕ ಬೇಕು. ಜರ್ಮನಿಯ ಡುಸೆಲ್ಡಾರ್ಫಿನಲ್ಲಿ ಮಿಖಾಯೆಲ್ ಬರ್ಗರ್ ಮತ್ತು ಸಂಗಡಿಗರು ಎಂಬತ್ತರ ದಶಕದಲ್ಲೇ ಹಳೆಯ ಪದ್ಧತಿಯನ್ನು ತಲೆಕೆಳಗು ಮಾಡಿದರು. ಸೂಜಿಗೆ ತಕ್ಕಂತೆ ಊಟವಲ್ಲ, ಊಟಕ್ಕೆ ತಕ್ಕಂತೆ ಸೂಜಿ. ರೋಗಿಗಳನ್ನು ಕೂರಿಸಿ, ಯಾವುದರಲ್ಲಿ ಎಷ್ಟು ಪಿಷ್ಟ, ಅದಕ್ಕೆಷ್ಟು ಇನ್ಸುಲಿನ್ ಎಂದು ಪಾಠ ಹೇಳಿದರು. ಬ್ರಿಟನ್ನಿನಲ್ಲಿ ಇದೇ ಪಾಠವನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶವೂ ಒಳ್ಳೆಯದಿತ್ತು: ಬೇಕಾದ್ದನ್ನು ಉಣ್ಣುವ ಸ್ವಾತಂತ್ರ್ಯ ಸಿಕ್ಕವರಲ್ಲಿ ಸಕ್ಕರೆಯ ಹತೋಟಿಯೂ ಸುಧಾರಿಸಿತ್ತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಟೈಪ್ ಒನ್‌ಗೆಂದೇ ಮಾರ್ಗಸೂಚಿ ಹೊರತಂದದ್ದು 2022ರಲ್ಲಿ. ತಡವಾಯಿತು, ಆದರೂ ಬಂತಲ್ಲ.

ಈಗ ಆ ಹಲಸಿನ ಹಣ್ಣಿಗೆ ಬರೋಣ. 100 ಗ್ರಾಂ ಸೊಳೆಯಲ್ಲಿ, ಬೀಜ ತೆಗೆದು, ಪಿಷ್ಟ ಮತ್ತು ಸಕ್ಕರೆ ಸೇರಿ ಸುಮಾರು 23 ಗ್ರಾಂ. ಅಷ್ಟೇ ತೂಕದ ಅನ್ನದಲ್ಲಿ ಸುಮಾರು 28 ಗ್ರಾಂ! ಮನೆಯವರು ವಿಷವೆಂದು ದೂರ ಇಟ್ಟ ಹಣ್ಣು, ದಿನಕ್ಕೆ ಮೂರು ಸಲ ಬಡಿಸುವ ಅನ್ನಕ್ಕಿಂತ ದೊಡ್ಡ ಅಪರಾಧಿಯೇನಲ್ಲ. ಹಣ್ಣಿನ ಸಕ್ಕರೆ ಬೇಗ ಏರುತ್ತದೆಂಬುದು ನಿಜ. ಅದಕ್ಕೂ ಉಪಾಯವಿದೆ. ಬರಿ ಹೊಟ್ಟೆಯಲ್ಲಿ, ಸಂಜೆ ನಾಲ್ಕು ಗಂಟೆಗೆ ಅಂಗಳದಲ್ಲಿ ಕುಳಿತು ತಿನ್ನುವ ಬದಲು ಮಧ್ಯಾಹ್ನದ ಊಟದ ಕೊನೆಗೆ ನಾಲ್ಕು ಸೊಳೆ. ಅನ್ನದಲ್ಲಿ ಒಂದು ಸೌಟು ಕಡಿಮೆ. ಬಂಗಡೆ, ಮೊಟ್ಟೆ, ಬಸಳೆ ಹೊಟ್ಟೆ ತುಂಬುವಷ್ಟು. ಮೀನಿನಲ್ಲಿ ಪಿಷ್ಟವೇ ಇಲ್ಲ. ಶೀಘ್ರ ಇನ್ಸುಲಿನ್ನನ್ನು ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಹಾಕಿಕೊಂಡರೆ ಊಟದ ಏರಿಕೆಗೂ ಮದ್ದಿನ ಏರಿಕೆಗೂ ತಾಳೆ ಬೀಳುತ್ತದೆ. ಎಷ್ಟು ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್ ಎಂಬುದು ಒಬ್ಬೊಬ್ಬರಿಗೂ ಬೇರೆ. ಅದನ್ನು ಡಾಕ್ಟರೊಡನೆ ಕುಳಿತೇ ಗೊತ್ತುಮಾಡಿಕೊಳ್ಳಬೇಕು, ಪಕ್ಕದ ಮನೆಯವರ ಲೆಕ್ಕ ಇಲ್ಲಿ ನಡೆಯದು.

ಗೋಳಿಬಜೆಯದು ಬೇರೆ ಕತೆ. ಎಣ್ಣೆಯಲ್ಲಿ ಕರಿದದ್ದು, ತುಪ್ಪದಲ್ಲಿ ಹುರಿದದ್ದು ಸಕ್ಕರೆಯನ್ನು ಕೂಡಲೇ ಏರಿಸುವುದಿಲ್ಲ, ಗಂಟೆಗಟ್ಟಲೆ ಎಳೆಯುತ್ತದೆ. ಕುಂದಾಪುರದ ಹೆಸರನ್ನು ದೂರದೂರಕ್ಕೆ ಒಯ್ದ ಕೋಳಿ ಘೀ ರೋಸ್ಟ್ ಮತ್ತು ನೀರುದೋಸೆ ಉಂಡವರು ಎರಡು ಗಂಟೆ ಬಿಟ್ಟು ಮೀಟರು ನೋಡಿ ‘ಏನೂ ಆಗಲಿಲ್ಲ’ ಎಂದು ಮಲಗುತ್ತಾರೆ. ನಡುರಾತ್ರಿ ಅದು ಮೇಲೇರುತ್ತದೆ. ಇದೇ ಕಾರಣಕ್ಕೆ ಸಕ್ಕರೆ ಕುಸಿದಾಗ ಚಾಕಲೇಟು, ಲಾಡು, ಬಜೆ ಕೊಡಬಾರದು. ಕೊಬ್ಬು ಅಡ್ಡ ನಿಂತು ಸಕ್ಕರೆಯನ್ನು ತಡಮಾಡುತ್ತದೆ. ಆಗ ಬೇಕಾದ್ದು ಮೂರು ಚಮಚ ಸಕ್ಕರೆ ಕರಗಿಸಿದ ನೀರು ಅಥವಾ ಗ್ಲೂಕೋಸ್ ಪುಡಿ, ಸುಮಾರು 15 ಗ್ರಾಂ. ಹದಿನೈದು ನಿಮಿಷ ಕಾದು ಮತ್ತೆ ನೋಡುವುದು. ಆ ಹದಿನೈದು ನಿಮಿಷವೇ ಅತಿ ಕಷ್ಟ. ಹಸಿವು ಇಡೀ ಅಡುಗೆಮನೆಯನ್ನೇ ನುಂಗುವಷ್ಟಿರುತ್ತದೆ. ಸಿಕ್ಕಿದ್ದೆಲ್ಲ ತಿಂದು 60ರಿಂದ 360ಕ್ಕೆ ಹಾರುವುದು ಈ ಹೊತ್ತಿನಲ್ಲೇ. ರುಚಿಯಿಲ್ಲದ ಗ್ಲೂಕೋಸ್ ಮಾತ್ರೆಯೇ ಇದಕ್ಕೆ ಲೇಸು. ಅದನ್ನು ಆಸೆಪಟ್ಟು ಇನ್ನೊಂದು ತಿನ್ನುವವರಿಲ್ಲ. ಮೈಮರೆತವರ, ನುಂಗಲಾಗದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು.

ಕ್ರಿಕೆಟ್ ಪ್ರಿಯರಿಗೆ ಒಂದು ನೆನಪು. 1999ರ ಫೆಬ್ರುವರಿ 7ರಂದು ದಿಲ್ಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತರಲ್ಲ, ಹತ್ತನೆಯ ವಿಕೆಟ್ ವಾಸಿಂ ಅಕ್ರಂ ಅವರದು. ಅಕ್ರಂಗೆ ಟೈಪ್ ಒನ್ ಇದೆಯೆಂದು ತಿಳಿದದ್ದು 1997ರಲ್ಲಿ. ಕುಂಬ್ಳೆಗೆ ಔಟಾದ ದಿನವೂ ಅವರು ಇನ್ಸುಲಿನ್ ಚುಚ್ಚಿಕೊಂಡೇ ಆಡಲು ಇಳಿದವರು. 2003ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ 500ನೆಯ ವಿಕೆಟ್ ಪಡೆದದ್ದೂ ಅದೇ ಮೈಯಲ್ಲಿ. ಅಕ್ರಂ ಇದನ್ನು ಮುಚ್ಚಿಡಲಿಲ್ಲ, ಎಲ್ಲರೆದುರು ಹೇಳಿದರು. ಮಕ್ಕಳ ಎದುರು ಹೇಳುವುದಕ್ಕೆ ಉಪದೇಶಕ್ಕಿಂತ ಇಂಥ ಸಂಗತಿ ಒಳ್ಳೆಯದು.

ಮನೆಯ ಲೆಕ್ಕ ಸರಿಯಾದರೂ ಊರಿನ ಲೆಕ್ಕ ಬಾಕಿ ಇರುತ್ತದೆ. ಚೌತಿಗೆ ಆನೆಗುಡ್ಡೆಗೆ ಹೋದರೆ ಕೈಗೆ ಬಂದ ಪಂಚಕಜ್ಜಾಯವನ್ನು ‘ಬೇಡ’ ಎನ್ನಲಾದೀತೆ? ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಪ್ರಸಾದವೂ ಆಯಿತು, ಲೆಕ್ಕವೂ ಕೆಡಲಿಲ್ಲ. ಕದಿರು ಕಟ್ಟಿ ಹೊಸತಿನ ಊಟ ಮಾಡುವ ದಿನ ಹೊಸ ಅಕ್ಕಿಯ ಅನ್ನ ಉಣ್ಣದಿದ್ದರೆ ಮಗು ಆ ಮನೆಯದಲ್ಲವೆಂಬಂತೆ ಆಗುತ್ತದೆ. ಉಣ್ಣಲಿ. ಪಾಯಸವೂ ಒಂದು ಸಣ್ಣ ಲೋಟ ಇರಲಿ, ಅದಕ್ಕೊಂದಿಷ್ಟು ಇನ್ಸುಲಿನ್ ಸೇರಲಿ. ಮದುವೆ ಮನೆಯಲ್ಲಿ ‘ಒಂದು ಹೋಳಿಗೆಗೆ ಏನೂ ಆಗುವುದಿಲ್ಲ, ತಿನ್ನಿ ಮಾರಾಯ್ರೆ’ ಎಂದು ಎಲೆಗೆ ಬಡಿಸಿಬಿಡುವ ಆತಿಥ್ಯಕ್ಕಿಂತ, ‘ಎಷ್ಟು ಬಡಿಸಲಿ?’ ಎಂದು ಕೇಳುವ ಆತಿಥ್ಯ ಹೆಚ್ಚು ಸಹಾಯ ಮಾಡುತ್ತದೆ. ‘ನೀನು ಇದನ್ನು ತಿನ್ನಬಹುದಾ?’ ಎಂದು ಹತ್ತು ಜನರ ಎದುರು ಕೇಳುವುದು ಮಾತ್ರ ಬೇಡ.

ಹದಿಹರೆಯಕ್ಕೆ ಬಂದ ಮೇಲೆ ಇನ್ನೊಂದು ಅಪಾಯ ಹುಟ್ಟುತ್ತದೆ. ತಿಂದದ್ದನ್ನು ಮುಚ್ಚಿಡಲೆಂದು, ಅಥವಾ ತೆಳ್ಳಗಾಗಲೆಂದು, ಕೆಲವರು ಇನ್ಸುಲಿನ್ನನ್ನೇ ತಪ್ಪಿಸುತ್ತಾರೆ. ಡೈರಿಯಲ್ಲಿ ಸುಳ್ಳು ಅಂಕಿ ಬರೆಯುತ್ತಾರೆ. ಅಂಕಿ ನೋಡಿ ಗದರುವ ಮನೆಯಲ್ಲಿ ಈ ಸುಳ್ಳು ಬೇಗ ಬೆಳೆಯುತ್ತದೆ. ತೋಳಿಗೆ ಅಂಟಿಸಿದ ಬಿಲ್ಲೆಯಿಂದ ಮೊಬೈಲಿಗೆ ಸದಾ ಅಂಕಿ ಕಳಿಸುವ ಯಂತ್ರಗಳು ಈಗ ಬಂದಿವೆ. ಆದರೆ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಇದ್ದವರ ಮನೆಯಲ್ಲೂ ಅದು ಪೊಲೀಸನಾದರೆ ಮಗು ಅದನ್ನು ಕಿತ್ತು ಬಿಸಾಡುತ್ತದೆ.

ಆಟದ ರಾತ್ರಿಯೊಂದು ಬಾಕಿಯಿದೆ. ಕೆಲವು ಮೇಳಗಳು ಈಗ ಕಾಲಮಿತಿಗೆ ಇಳಿದಿದ್ದರೂ ಬೆಳಗಿನವರೆಗಿನ ಆಟ ಈ ಸೀಮೆಯಿಂದ ಹೋಗಿಲ್ಲ. ಗದ್ದೆಯ ಬದಿಯಲ್ಲಿ ಚರುಮುರಿ, ಬಿಸಿ ನೆಲಗಡಲೆ, ಆಮ್ಲೆಟ್, ಸಕ್ಕರೆ ಮುಂದಾದ ಚಹಾ. ಟೈಪ್ ಒನ್ ಇರುವ ಹುಡುಗ ಆಟಕ್ಕೆ ಹೋಗಬಾರದೇ? ಹೋಗಲಿ. ರಾತ್ರಿಯ ದೀರ್ಘಾವಧಿ ಇನ್ಸುಲಿನ್ನನ್ನು ಮರೆಯದೆ ಹಾಕಿಕೊಂಡು, ಕಿಸೆಯಲ್ಲಿ ಮೀಟರು, ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡು, ಜೊತೆಗಿರುವ ಒಬ್ಬ ಗೆಳೆಯನಿಗಾದರೂ ವಿಷಯ ತಿಳಿಸಿ. ನೆಲಗಡಲೆ, ಆಮ್ಲೆಟ್ಟಿಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಚರುಮುರಿ ಅಕ್ಕಿಯದೇ ಆದ್ದರಿಂದ ಲೆಕ್ಕಕ್ಕೆ ಬರುತ್ತದೆ. ಚಹಾ ಅಂಗಡಿಯವನಿಗೆ ಮಾತ್ರ ಮೊದಲೇ ಹೇಳಿಡಬೇಕು, ಸಕ್ಕರೆ ಹಾಕದ ಚಹಾ ಕೇಳಿದರೆ ಅವನು ಎರಡು ಸಲ ಮುಖ ನೋಡುತ್ತಾನೆ.