ಕಡತ ನಮ್ಮದು, ಬೀಗದ ಭಾಷೆ ಇಂಗ್ಲಿಷೇ?

ಅಂಗಡಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಸಂತೋಷ! ಆದರೆ ಆ ಫಲಕದ ಕೆಳಗೆ ಕೂತು ಮಾರುವ ಕಂಪ್ಯೂಟರಿನೊಳಗೆ ಕನ್ನಡ ಎಷ್ಟಿದೆ?

ಗೊರವನಹಳ್ಳಿಯಂಥ ಊರಿನಲ್ಲೂ ಇಂದು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ಲೆಕ್ಕ ಎಲ್ಲವೂ ಕಂಪ್ಯೂಟರಿನಲ್ಲೇ. ಅದಕ್ಕೆ ಬೀಳುವ ಬೀಗ ಎರಡು ಬಗೆ.

ಒಂದು, ವಿಂಡೋಸ್ 2000ದಿಂದ ಇರುವ ಹಳೆಯ ಬೀಗ. ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅಡ್ವಾನ್ಸ್‌ಡ್‌ಗೆ ಹೋಗಿ 'ಎನ್‌ಕ್ರಿಪ್ಟ್' ಎಂಬ ಸಾಲಿಗೆ ಟಿಕ್ ಹಾಕಿದರೆ ಬೀಗ, ತೆಗೆದರೆ ತೆರವು. ಅಗ್ಗದ 'ಹೋಮ್' ಆವೃತ್ತಿಯಲ್ಲಿ ಇದಿಲ್ಲ. ಬೀಗದಕೈ ಇರುವುದು ಆ ವಿಂಡೋಸ್ ಖಾತೆಯೊಳಗೇ. ಅದರ ನಕಲು ತೆಗೆದಿಡದೆ ರಿಪೇರಿ ಹುಡುಗ ಹೊಸದಾಗಿ ವಿಂಡೋಸ್ ಹಾಕಿದನೋ, ಮುಗಿಯಿತು! ಕಡತದ ಹೆಸರು ಕಣ್ಣಿಗೆ ಕಾಣುತ್ತದೆ, ಒಳಗಿನ ಒಂದಕ್ಷರವೂ ದಕ್ಕುವುದಿಲ್ಲ.

ಎರಡನೆಯದು ಇನ್ನೂ ಘನವಾದದ್ದು. ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಇಡೀ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. 2024ರ ವಿಂಡೋಸ್ 11 ಆವೃತ್ತಿಯಿಂದ ಮತ್ತಷ್ಟು ಯಂತ್ರಗಳಿಗೆ ಇದು ಹಬ್ಬಿದೆ. ಮುಂದೊಂದು ದಿನ ಮದರ್‌ಬೋರ್ಡ್ ಬದಲಾದರೆ ನೀಲಿ ಪರದೆ ಎದ್ದು 48 ಅಂಕಿಯ ಬೀಗದಕೈ ಕೇಳುತ್ತದೆ. ಆ ಅಂಕಿ ಎಲ್ಲಿದೆ? ಖಾತೆಯಲ್ಲಿ. ಖಾತೆ ತೆರೆದವರು ಯಾರು? ಎಷ್ಟೋ ಕಡೆ ಅಂಗಡಿಯ ಹುಡುಗ, ಅದೂ ತನ್ನ ಫೋನ್ ನಂಬರಿಗೆ! ಕೊಂಡ ರೈತನಿಗಾಗಲಿ ಶಾಲೆಯ ಮೇಷ್ಟರಿಗಾಗಲಿ ಬೀಗ ಬಿದ್ದ ಸುದ್ದಿಯೇ ಇಲ್ಲ. ಸಂತೆಯಲ್ಲಿ ಕಬ್ಬಿಣದ ಬೀಗ ಮಾರುವವನು ಕೂಡ ಎರಡು ಬೀಗದಕೈ ಎಣಿಸಿ ಕೊಡುತ್ತಾನಲ್ಲ ಸ್ವಾಮಿ!

ಬೀಗ ಬೇಡವೆಂದು ನಾವು ಹೇಳುತ್ತಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳುವಾದರೆ ಸಂಘದ ಸದಸ್ಯರ ಆಧಾರ್ ಪ್ರತಿಗಳನ್ನು ಕಾಯುವುದು ಅದೇ. ಬೇಡವಾದವರು ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಷನ್‌ಗೆ ಹೋಗಿ ಆಫ್ ಮಾಡಬಹುದು. ಆದರೆ ಇಡಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸಬೇಕಾದವನು ಯಜಮಾನ. ಅವನಿಗೆ ಅರ್ಥವಾಗದ ಭಾಷೆಯಲ್ಲಿ ಕೇಳಿ 'ಯೆಸ್' ಒತ್ತಿಸಿಕೊಳ್ಳುವುದು ಒಪ್ಪಿಗೆಯೇ?

ಇನ್ನು 'ಇಂಗ್ಲಿಷ್ ಕಲಿಯಿರಿ' ಎನ್ನುವ ಮಹಾನುಭಾವರಿಗೆ ಒಂದು ಮಾತು. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ವಿಂಡೋಸ್‌ಗೆ ಕನ್ನಡ ಭಾಷಾ ಪ್ಯಾಕ್ ಇದೆ, ಕಾಸಿಲ್ಲದೆ ಸಿಗುತ್ತದೆ. ಹಾಕಿಕೊಡಲು ಅಂಗಡಿಯವರಿಗೆ ಸೋಮಾರಿತನ, ಹಾಕಿಸಲು ಸರ್ಕಾರಕ್ಕೆ ಮನಸ್ಸಿಲ್ಲ! ಸರ್ಕಾರಿ ಶಾಲೆ, ಪಂಚಾಯಿತಿಗಳಿಗೆ ಕೊಳ್ಳುವ ಯಂತ್ರಗಳ ಟೆಂಡರಿನಲ್ಲಿ ಈ ಒಂದು ಷರತ್ತು ಸೇರಿಸಲು ಎಷ್ಟು ಹೊತ್ತು ಬೇಕು? ಕನ್ನಡ ಅಭಿವೃದ್ಧಿ ಪ್ರಾಧಿಕಾರ ಉತ್ತರಿಸಲಿ.

ಅಲ್ಲಿಯವರೆಗೆ ಕೊರಟಗೆರೆ, ಮಧುಗಿರಿ, ತುಮಕೂರು ಎಲ್ಲೇ ಕಂಪ್ಯೂಟರ್ ಕೊಂಡರೂ ಮೂರು ಮಾತು ಕೇಳಿ: ಕನ್ನಡ ಹಾಕಿ ಕೊಡಿ, ಖಾತೆ ನನ್ನ ನಂಬರಿಗೇ ತೆರೆಯಿರಿ, 48 ಅಂಕಿಯನ್ನು ಹಾಳೆಯಲ್ಲಿ ಮುದ್ರಿಸಿ ಕೈಗಿಡಿ. ಆಮೇಲೆ ದುಡ್ಡು ಎಣಿಸಿ.