ಡೇರಿಗೆ ಹಾಕುವ ಮುನ್ನ ಅರ್ಧ ಲೀಟರ್ ಮನೆಗೂ ಇರಲಿ

ಅಕ್ಕತಂಗಿಯರೇ,

ಬೆಳಿಗ್ಗೆ ಐದಕ್ಕೆ ಎದ್ದು, ಸಗಣಿ ಬಾಚಿ, ಕೆಚ್ಚಲು ತೊಳೆದು, ಕರೆದ ಹಾಲನ್ನು ನೊರೆ ಆರುವ ಮೊದಲೇ ಡೇರಿಗೆ ಒಯ್ಯುವವರು ನಾವು. ಅದೇ ಸಂಜೆ ಶಾಲೆಯಿಂದ ಬಂದ ಮಗು ಹಸಿವು ಎಂದರೆ ಅಂಗಡಿಗೆ ಕಳಿಸಿ ಕೇಕೋ ಕ್ರೀಮ್ ಬನ್ನೋ ತರಿಸುತ್ತೇವೆ. ಅದರ ಕವರಿನ ಹಿಂಭಾಗ ಒಮ್ಮೆ ಓದಿಸಿ ನೋಡಿ. ಮೈದಾ, ಸಕ್ಕರೆ, ತಾಳೆಎಣ್ಣೆ ಅಥವಾ ವನಸ್ಪತಿ ಇರುವುದೇ ಹೆಚ್ಚು. ತುಪ್ಪ ಕಾಯಿಸುವ ಮನೆಗೆ ವನಸ್ಪತಿ ತಿಂಡಿ ದುಡ್ಡು ಕೊಟ್ಟು ತರುವುದು ನನಗೆ ಸರಿ ಕಾಣುವುದಿಲ್ಲ.

ವಾರಕ್ಕೊಂದು ದಿನ ಅರ್ಧ ಲೀಟರ್ ಹಾಲು ಮನೆಗೆ ಉಳಿಸಿ, ಕೇಕ್ ಮಾಡಿ ನೋಡೋಣ ಎನ್ನುವುದು ನನ್ನ ಮಾತು. ಉಳಿಸಿದ್ದಕ್ಕೆ ಕ್ಯಾನಿಗೆ ನೀರು ಬೆರೆಸಿ ಸರಿದೂಗಿಸಬೇಡಿ, ಲ್ಯಾಕ್ಟೋಮೀಟರ್ ಹೇಳಿಬಿಡುತ್ತದೆ! ಆ ದಿನ ಪಾಸ್‌ಬುಕ್ಕಿನಲ್ಲಿ ಕಡಿಮೆಯಾದ ಹಣವನ್ನೂ, ಅಂಗಡಿಗೆ ಹೋಗದೆ ಉಳಿದ ಹಣವನ್ನೂ ನೀವೇ ತೂಗಿ ನೋಡಿ.

‘ಅದಕ್ಕೆ ಓವನ್ ಬೇಕು, ಪೇಟೆಯವರ ಕೆಲಸ’ ಎನ್ನುವಿರಾ? ಹಸು ಕರು ಹಾಕಿದಾಗ, ಕರು ಕುಡಿದು ಮಿಕ್ಕ ಗಿಣ್ಣುಹಾಲಿಗೆ ಎಷ್ಟು ಸಾದಾ ಹಾಲು, ಎಷ್ಟು ಬೆಲ್ಲ ಎಂದು ಯಾವ ಪುಸ್ತಕ ನೋಡಿ ಹಾಕುತ್ತೀರಿ? ಹಾಲಿನ ದಪ್ಪ ನೋಡಿಯೇ ಹೇಳಬಲ್ಲ ಕಣ್ಣು ನಮ್ಮದು. ಕೇಕಿಗೂ ಅದೇ ಕಣ್ಣು ಸಾಕು.

ಒಂದೂವರೆ ಲೋಟ ಚಿರೋಟಿ ರವೆ, ಒಂದು ಲೋಟ ಗಟ್ಟಿ ಮೊಸರು, ಮುಕ್ಕಾಲು ಲೋಟ ಸಕ್ಕರೆ, ಅರ್ಧ ಲೋಟ ಕರಗಿಸಿದ ತುಪ್ಪ, ಅರ್ಧ ಲೋಟ ಹಾಲು, ಏಲಕ್ಕಿ, ಚಿಟಿಕೆ ಉಪ್ಪು ಕಲಸಿ 20 ನಿಮಿಷ ಬಿಡಿ. ತೀರಾ ಗಟ್ಟಿಯಾದರೆ ಇನ್ನಷ್ಟು ಹಾಲು ಹಾಕಿ. ಅರ್ಧ ಚಮಚ ಅಡುಗೆ ಸೋಡ ಕೊನೆಗೆ ಹಾಕಬೇಕು. ಮೊಸರಿನ ಹುಳಿ ಸೋಡಕ್ಕೆ ತಾಗಿದಾಗ ಏಳುವ ಗುಳ್ಳೆಗಳೇ ಕೇಕನ್ನು ಉಬ್ಬಿಸುವುದು. ತಡಮಾಡಿದರೆ ಗುಳ್ಳೆ ಹೋಗಿ ಕೇಕ್ ಚಪ್ಪಟೆ. ದಪ್ಪ ತಳದ ಹಳೆಯ ಪಾತ್ರೆಗೆ ಎರಡು ಬೆರಳು ಉಪ್ಪು ಹರಡಿ, ಒಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತುಪ್ಪ ಸವರಿದ ಡಬ್ಬಿಯಲ್ಲಿ ಹಿಟ್ಟು ಸುರಿದು ಒಳಗಿಟ್ಟು, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆದಿಡಿ, ನೀರು ಹಾಕಬೇಡಿ.

ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಬಂದ ಮೈಕ್ರೋವೇವ್ ಎಷ್ಟೋ ಮನೆಗಳಲ್ಲಿ ಬಟ್ಟೆ ಹೊದ್ದು ಕೂತಿದೆ. ಅದನ್ನೂ ಎಬ್ಬಿಸಿ. ದೊಡ್ಡ ಪಿಂಗಾಣಿ ಕಪ್ಪಿನಲ್ಲಿ ನಾಲ್ಕು ದೊಡ್ಡ ಚಮಚ ಗೋಧಿಹಿಟ್ಟು, ಮೂರು ಚಮಚ ಸಕ್ಕರೆ, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಎರಡು ಚಮಚ ತುಪ್ಪ, ನಾಲ್ಕು ಚಮಚ ಕಾಯಿಸಿ ಆರಿಸಿದ ಹಾಲು ಕಲಸಿ ಒಂದೂವರೆ ನಿಮಿಷ ಇಡಿ. ಹಸಿ ಕಂಡರೆ ಇನ್ನು ಹದಿನೈದು ಸೆಕೆಂಡ್. ಮೈಕ್ರೋವೇವ್ ಹಿಟ್ಟಿನೊಳಗಿನ ನೀರನ್ನು ಬಿಸಿ ಮಾಡುತ್ತದೆ, ಹಾಗಾಗಿ ಮೇಲೆ ಕೆಂಪಗಾಗುವುದಿಲ್ಲ. ಬೆಂದಿಲ್ಲವೆಂದು ಇಡುತ್ತಾ ಹೋದರೆ ಕಲ್ಲಾಗುತ್ತದೆ. ಸ್ಟೀಲ್ ಲೋಟ ಮಾತ್ರ ಒಳಗಿಡಲೇಬೇಡಿ, ಕಿಡಿ ಹಾರುತ್ತದೆ.

ನನ್ನ ಮೊದಲ ಕೇಕ್ ದೊಡ್ಡ ಉರಿಗೆ ತಳ ಹೊತ್ತಿ, ನಡುವೆ ಹಸಿಯಾಗಿತ್ತು. ಅತ್ತೆಯವರು ‘ಹಸುವಿಗೆ ಹಾಕು’ ಎಂದರು. ಹಾಕಲಿಲ್ಲ, ನೀವೂ ಹಾಕಬೇಡಿ. ಹಿಟ್ಟು, ಸಕ್ಕರೆ ಹೆಚ್ಚಾದರೆ ಹಸುವಿನ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ. ಮುಂದಿನ ವಾರ ಉರಿ ತಗ್ಗಿಸಿದೆ. ಮೂರನೆಯ ಸಲ ಅತ್ತೆಯವರೇ ಇನ್ನೊಂದು ತುಂಡು ಕೇಳಿದರು.

ಹಾಲು ಒಡೆದ ದಿನ ನಾವು ಡೇರಿಗೆ ಹೋಗುವುದು ಬಿಟ್ಟಿದ್ದೇವೆಯೇ? ಕೇಕ್ ಕೆಟ್ಟಿತೆಂದು ‘ದಂಡ ಮಾಡಿದೆ’ ಅನ್ನಿಸಿಕೊಳ್ಳಲು ಹೆದರಿ ಸುಮ್ಮನಾಗಬೇಡಿ. ನಾವು ಸಾಕಿದ ಹಸುವಿನ ಹಾಲಿನಲ್ಲಿ ಅರ್ಧ ಲೀಟರ್ ನಮ್ಮ ಕಲಿಕೆಗೆ ಖರ್ಚಾದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ಮುಂದಿನ ಸಂಘದ ಸಭೆಯಲ್ಲಿ ಟೀ ಜೊತೆಗೆ ಅಂಗಡಿ ಬಿಸ್ಕತ್ತು ಬೇಡ. ನೀವು ಮಾಡಿದ್ದನ್ನು ತನ್ನಿ, ನಾನೂ ತರುತ್ತೇನೆ. ಉಬ್ಬದೇ ಹೋದದ್ದನ್ನೂ ತನ್ನಿ. ಎಲ್ಲಿ ತಪ್ಪಿತೆಂದು ಕೂಡಿ ನೋಡೋಣ.